ಹಗುರ ನೋಡಿ ಆರಿಸಿದ ಚೀಲ

ಕುಟ್ಟಪ್ಪನ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಶ್ರೀಮಂಗಲದ ಟೀ ಅಂಗಡಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಮೊದಲೆಲ್ಲ ಅದು ಬಂದ ಹಾಗೆಯೇ ಇಳಿದುಹೋಗುತ್ತಿತ್ತು. ಹೋದ ಡಿಸೆಂಬರಿನಿಂದ ಇಳಿದಿಲ್ಲ.

ವಯಸ್ಸು ಐವತ್ತೆಂಟು. ಮೂವತ್ತು ವರ್ಷ ಒಂದೇ ಎಸ್ಟೇಟಿನಲ್ಲಿ ಪಿಕ್ಕಿಂಗ್ ಆದ ಕಾಫಿ ಹಣ್ಣು ತೂಗಿದವನು, ಕಣದಲ್ಲಿ ಕಾಫಿ ಒಣಗಿಸಿದವನು. ಒಂದು ಹಿಡಿ ಬೀಜ ಎತ್ತಿ ಅಂಗೈಯಲ್ಲಿ ಕುಣಿಸಿದನೆಂದರೆ ಮುಗಿಯಿತು, ಮೂಟೆ ಕಟ್ಟಬಹುದೋ ಇನ್ನೆರಡು ಬಿಸಿಲು ಬೇಕೋ ಹೇಳಿಬಿಡುತ್ತಿದ್ದ. ಹಗುರವಾದದ್ದು ಒಣಗಿದ್ದು, ಭಾರವಾದದ್ದು ಹಸಿ. ಈ ಲೆಕ್ಕ ಅವನಿಗೆ ಒಂದು ದಿನವೂ ಕೈಕೊಟ್ಟಿರಲಿಲ್ಲ. ಎಸ್ಟೇಟ್ ಬೇರೆಯವರ ಪಾಲಾದ ಮೇಲೆ, ಪೇಟೆಯವರನ್ನು ಬೆಟ್ಟ ಹತ್ತಿಸುವ ಸಣ್ಣ ಕಂಪನಿಯೊಂದಕ್ಕೆ ಹೊರೆ ಹೊರಲು, ಅಡಿಗೆ ಮಾಡಲು ಸೇರಿಕೊಂಡ. ಎಸ್ಟೇಟಿನ ಕೂಲಿ ಲೈನಿನಲ್ಲಿದ್ದ ಪುಟ್ಟನನ್ನೂ ಅವನೇ ಕರೆದುಕೊಂಡು ಹೋದ.

ಆ ಪುಟ್ಟ ಈಗಿಲ್ಲ. ಡಿಸೆಂಬರಿನಲ್ಲಿ ಅಕಾಲ ಮಳೆ ಹಿಡಿದಾಗ ಬೆಟ್ಟದ ಮೇಲೆ ಎರಡು ರಾತ್ರಿ ಒದ್ದೆಯಾದ ಮಲಗುವ ಚೀಲದೊಳಗೆ, ಸ್ಲೀಪಿಂಗ್ ಬ್ಯಾಗಿನೊಳಗೆ, ಮಲಗಿದ್ದ. ಬೆಂಕಿ ಹಾಕುವಂತಿಲ್ಲ, ಅಲ್ಲಿಯ ನಿಯಮ. ಮೂರನೇ ಬೆಳಗ್ಗೆ ಎದ್ದು ನಿಲ್ಲಲಾಗಲಿಲ್ಲ. ಹೊತ್ತು ಇಳಿಸಿದರು, ನ್ಯುಮೋನಿಯಾ ಎಂದರು, ಒಂಬತ್ತನೇ ದಿನ ಹೋಗಿಬಿಟ್ಟ. ಅವನ ಜಾಗಕ್ಕೆ ಈಗ ಹೆಂಡತಿ ಮುದ್ದಿ ಬಂದಿದ್ದಳು. ಈ ವರ್ಷದ ಮೊದಲ ತಂಡದ ಜೊತೆ ಅವಳೂ ಹತ್ತಬೇಕು. ಗಂಡನನ್ನು ತಿಂದ ಚಳಿಗೆ ಇವಳನ್ನೂ ಕೊಡಬಾರದೆಂದು ಕುಟ್ಟಪ್ಪ ಹಟ ಹಿಡಿದಿದ್ದ.

ಮ್ಯಾನೇಜರ್ ಚೇತನ್‌ಕುಮಾರ್ ಕುಶಾಲನಗರದ ಕಡೆಯವನು. ಕೆಟ್ಟವನಲ್ಲ, ಚಳಿಯಲ್ಲಿ ಮಲಗಿ ಗೊತ್ತಿಲ್ಲದವನು, ಅಷ್ಟೇ. ಅಕ್ಟೋಬರಿನಲ್ಲಿ ತುಲಾ ಸಂಕ್ರಮಣ ಮುಗಿದ ವಾರ ಮಲಗುವ ಚೀಲದ ಎರಡು ನಮೂನೆ ತರಿಸಿ ಮೇಜಿನ ಮೇಲೆ ಹರಡಿದ್ದ. ಒಂದು ಬಾತುಕೋಳಿ ಪುಕ್ಕದ್ದು, ಇನ್ನೊಂದು ಫೈಬರ್ ತುಂಬಿದ್ದು.

"ಪುಕ್ಕದ್ದೇ ತಗೊಳ್ಳೋಣ ಕಣಣ್ಣ. ಬರೀ ಒಂಬೈನೂರು ಗ್ರಾಮು. ಐದು ಡಿಗ್ರಿ ಚಳಿ ತಡೀತದೆ ಅಂತ ಬರೆದವ್ರೆ ನೋಡಿ."

"ಅದರ ಪಕ್ಕದಲ್ಲಿ ಸಣ್ಣಕ್ಕೆ ಹತ್ತು ಅಂತನೂ ಬರೆದಿದಾರೆ, ಅದನ್ನೂ ಓದಿ ಸಾರ್. ಹತ್ತು ಡಿಗ್ರಿ ಇದ್ರೆ ನಿದ್ದೆ ಬರ್ತದೆ. ಐದಕ್ಕಿಳಿದ್ರೆ ಮುದುಡಿಕೊಂಡು ಬೆಳಗಾಗೋದನ್ನೇ ಕಾಯ್ಬೇಕು. ಅದೂ ಚೀಲ ಒಣಗಿದ್ರೆ!"

"ಅದಕ್ಕೇ ಹೊರಗೆ ನೈಲಾನ್ ಬಟ್ಟೆ ಅಲ್ವಾ? ನೀರು ಹೋಗಲ್ಲ."

ನೀರು ಹೋಗಲ್ಲವಂತೆ! ಬಟ್ಟೆ ಬೂಷ್ಟು ಹಿಡಿಯುವ, ಬೀರುವಿನೊಳಗಿನ ಚಪ್ಪಲಿ ಹಸಿರಾಗುವ ಸೀಮೆಯಲ್ಲಿ ಕೂತು ಈ ಮಾತು! ಕುಟ್ಟಪ್ಪ ಎರಡೂ ಚೀಲ ಕಸಿದುಕೊಂಡು ಹೋಗಿ ಮನೆಯ ಸೂರಿನಂಚಿಗೆ ನೇತುಹಾಕಿದ. ಮಂಜು ಬಡಿಯಲಿ, ಎರಚಲೂ ಬಡಿಯಲಿ, ನೋಡಿಬಿಡೋಣ ಎಂದು.

ಮರುದಿನ ಬೆಳಗ್ಗೆ ಹಳೆಯ ಪಿಕ್ಕಿಂಗ್ ತಕ್ಕಡಿ ಹಿಡಿದು ಆಫೀಸಿಗೆ ಬಂದ. ಕೆಲಸ ಕಲಿಯಲೆಂದು ಮುದ್ದಿಯೂ ಬಂದು ಜಗಲಿಯ ಮೇಲೆ ಕೂತಿದ್ದಳು. ಕೊಕ್ಕೆಗೆ ಸಿಕ್ಕಿಸಿ ತೂಗಿದರೆ ಪುಕ್ಕದ ಚೀಲ ಒಂದೂಕಾಲು ಕಿಲೋ ದಾಟಿತ್ತು. ಒಳಗಿನ ಪುಕ್ಕವೆಲ್ಲ ಅಲ್ಲಲ್ಲಿ ಮುದ್ದೆಗಟ್ಟಿ, ನಡುವೆ ಬರೀ ಬಟ್ಟೆ ಉಳಿದಿತ್ತು. ಫೈಬರಿನದ್ದು ಮೊದಲೇ ಒಂದೂವರೆ ಕಿಲೋ. ಅದೂ ಸ್ವಲ್ಪ ನೀರು ಕುಡಿದಿತ್ತು, ಆದರೆ ಹಿಂಡಿ ಕೊಡವಿದೊಡನೆ ಮತ್ತೆ ಉಬ್ಬಿತು.

ಚೇತನ್‌ಕುಮಾರ್ ಎರಡನ್ನೂ ಮುಟ್ಟಿ ನೋಡಿದ. ಅವನ ಮುಖ ಸಣ್ಣಗಾಯಿತು.

"ಸರಿ ಬಿಡಿ, ಒಪ್ಕೊಂಡೆ. ಗೆಸ್ಟುಗಳಿಗೆಲ್ಲ ಫೈಬರಿಂದೇ ತರಿಸ್ತೀನಿ. ಸ್ಟೋರಲ್ಲಿ ಹಳೇ ಪುಕ್ಕದ್ದು ಇದಾವಲ್ಲ, ಅವನ್ನ ನೀವು, ಮುದ್ದಿ ಇಟ್ಕೊಳ್ಳಿ. ನೀವೆಲ್ಲ ಇದೇ ಮಣ್ಣಿನೋರು, ಚಳಿ ಅಭ್ಯಾಸ ಇರ್ತದೆ."

ಕುಟ್ಟಪ್ಪನ ಕೈಯ ತಕ್ಕಡಿ ನೆಲಕ್ಕೆ ಬಿತ್ತು. "ಅಭ್ಯಾಸ? ಪುಟ್ಟನಿಗಿಂತ ಅಭ್ಯಾಸ ಯಾರಿಗಿತ್ತು ಸಾರ್? ಅವನು ಮಲಗಿ ಸತ್ತ ಚೀಲಾನ ಅವನ ಹೆಂಡ್ತಿಗೇ ಹೊದಿಸ್ತೀರಾ? ನಾಚಿಕೆ ಆಗಲ್ವಾ ನಿಮಗೆ? ನಿಮ್ಮ ಗೆಸ್ಟುಗಳ ಮೈ ಚಿನ್ನ, ನಮ್ಮದು ಕಲ್ಲಾ?"

ಜಗಲಿಯ ಮೇಲೆ ಮುದ್ದಿ ತಲೆ ಎತ್ತಿದಳು. ಚೇತನ್‌ಕುಮಾರನಿಗೂ ರೇಗಿತು. ಹತ್ತು ತಿಂಗಳಿಂದ ಈ ಮುದುಕ ಸಾವನ್ನು ತನ್ನ ತಲೆಗೇ ಕಟ್ಟುತ್ತಿದ್ದಾನೆಂಬ ಉರಿ ಅವನಿಗೂ ಇತ್ತು.

"ಆವತ್ತು ಪುಟ್ಟನಿಗೆ ಚೀಲ ತೆಗೆದುಕೊಟ್ಟೋನು ನಾನಾ? ಸ್ಟೋರಲ್ಲಿ ದಪ್ಪದ ಫೈಬರಿಂದೂ ಎರಡು ಇತ್ತು. ಬೀಗದ ಕೈ ಯಾರ ಹತ್ರ ಇತ್ತು ಹೇಳಿ!"

ಬೀಗದ ಕೈ ಕುಟ್ಟಪ್ಪನ ಹತ್ತಿರವೇ ಇತ್ತು. ಆವತ್ತು ಅವನೇ ಒಂದೊಂದು ಚೀಲವನ್ನೂ ಎತ್ತಿ, ಕಾಫಿ ನೋಡುವಂತೆ ಕೈಯಲ್ಲಿ ತೂಗಿ ನೋಡಿದ್ದ. ಎಲ್ಲಕ್ಕಿಂತ ಹಗುರವಾದದ್ದೇ ಎಲ್ಲಕ್ಕಿಂತ ಒಣಗಿದ್ದು, ಬೆಚ್ಚಗಿರುವುದು ಎಂದುಕೊಂಡು ಅದನ್ನೇ ಪುಟ್ಟನ ಹೆಗಲಿಗೇರಿಸಿದ್ದ. ದಪ್ಪದ್ದೊಂದನ್ನು, ಭಾರವಾದರೂ ಆಗಲಿ ಎಂದು, ತನಗೆ ಇಟ್ಟುಕೊಂಡಿದ್ದ. ಆ ಎರಡು ರಾತ್ರಿಯೂ ತಾನು ಬೆಚ್ಚಗೆ ನಿದ್ದೆ ಮಾಡಿದ್ದ. ಇಷ್ಟು ದಿನ ಮ್ಯಾನೇಜರನ ಮೇಲೆ ಹಾರಾಡಿದ ಸಿಟ್ಟಿನಲ್ಲಿ ಅರ್ಧ ತನ್ನ ಮೇಲಿನದ್ದು ಎಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ.

"ಮುದ್ದಿ, ನಾನೇ, ನಾನೇ ಕೊಟ್ಟದ್ದು," ಎಂದ. "ಒಳ್ಳೇದು ಅಂತಾನೇ ಕೊಟ್ಟೆ."

"ಗೊತ್ತು ಕುಟ್ಟಪ್ಪಣ್ಣ." ಅವಳ ದನಿ ಏರಲಿಲ್ಲ. "ಆಸ್ಪತ್ರೇಲಿ ನಮ್ಮನೆಯವ್ರೇ ಹೇಳಿದ್ರು. ಅಣ್ಣ ಇದ್ದದ್ರಲ್ಲಿ ಒಳ್ಳೇದನ್ನೇ ನೋಡಿ ಕೊಟ್ಟ ಅಂತ. ಸಾಯೋವರೆಗೂ ಹಂಗೇ ನಂಬಿದ್ರು. ನೀವಾಗೇ ಒಂದಿನ ಬಂದು ಹೇಳ್ತೀರ ಅಂತ ನಾನು ಕಾದೆ. ನೀವು ಊರೆಲ್ಲ ಇವರನ್ನ ಬೈಕೊಂಡು ತಿರುಗಿದ್ರಿ."

ಕುಟ್ಟಪ್ಪ ಬಗ್ಗಿ ತಕ್ಕಡಿ ಎತ್ತಿಕೊಂಡ.

ಮುದ್ದಿ ಎದ್ದು ಬಂದು ಒದ್ದೆ ಚೀಲಗಳನ್ನು ಜಗಲಿಯ ಮೇಲೆ ಹಾಸಿದಳು. ಮೊದಲು ಪುಕ್ಕದ್ದರೊಳಗೆ ನುಗ್ಗಿ, ಕತ್ತಿನವರೆಗೆ ಜಿಪ್ ಎಳೆದುಕೊಂಡು, ಕಣ್ಣು ಮುಚ್ಚಿ ಬಹಳ ಹೊತ್ತು ಮಲಗಿದಳು. ಅವಳ ಹಲ್ಲು ಕಟಕಟ ಎನ್ನುವುದು ಇಬ್ಬರಿಗೂ ಕೇಳಿಸಿತು. ಎದ್ದವಳು ಇನ್ನೊಂದರೊಳಗೆ ಹೋದಳು. ಅದರಲ್ಲಿ ಸ್ವಲ್ಪ ಹೊತ್ತಿಗೆ ಅವಳ ನಡುಕ ನಿಂತಿತು.

"ಅವರಿಗೆ ನೀವು ಆರಿಸಿದ್ರಿ. ನಂಗೆ ಇವರು ಆರಿಸೋಕೆ ಹೊರಟ್ರು," ಎಂದಳು ಹೊರಗೆ ಬಂದು. "ಇನ್ನು ನಂಗೆ ಯಾರೂ ಆರಿಸೋದು ಬೇಡ. ಇದು ನಂದು ಸಾರ್. ಇದಿಲ್ದೆ ನಾನು ಹತ್ತಲ್ಲ. ನಿಮ್ಮ ಗೆಸ್ಟು ಅಡಿಗೆ ತಾವೇ ಮಾಡ್ಕೊಳ್ಳಲಿ."

ಚೇತನ್‌ಕುಮಾರ್ ತಲೆಯಾಡಿಸಿದ. ಅವಳು ಚೀಲವನ್ನು ಬಿಗಿಯಾಗಿ ಸುತ್ತಿ ಕಟ್ಟಿದಳು. ಎತ್ತಿಕೊಡೋಣವೆಂದು ಕುಟ್ಟಪ್ಪ ಕೈ ಚಾಚಿದ. ಮುದ್ದಿ ಹೆಗಲು ಸರಿಸಿ, ತಾನೇ ಎತ್ತಿಕೊಂಡು ಹೋದಳು.