ಅಮ್ಮನ ಬಂಗುಡೆ ಡಬ್ಬಿ

ಇವತ್ತು ನಾಯಿಮರಿ ತರಲು ಹೋದವಳು ಬೇಯಿಸಿದ ಮೀನನ್ನು ವಾಪಸ್ ತಂದಿದ್ದೇನೆ, ಸ್ನೇಹಿತರೇ.

ಪರ್ಕಳದಲ್ಲಿ ಒಬ್ಬರು ಪೊಮೆರೇನಿಯನ್ ಮರಿ ಮಾರುತ್ತಾರೆಂದು ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಹದಿನೆಂಟು ಸಾವಿರ ಎಂದರು. ಹದಿನೈದಕ್ಕೆ ಇಳಿಸಿ, ಗೆದ್ದೆನೆಂದುಕೊಂಡು ಹಣ ಕಳಿಸಲು ಫೋನ್ ತೆಗೆದೆ. ಅಷ್ಟರಲ್ಲಿ ಅಮ್ಮ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಕೇಳಿದರು, "ಇದರ ತಾಯಿ ಎಲ್ಲಿ ಉಂಟು?"

ಡಬ್ಬಿಯಲ್ಲಿ ಉಪ್ಪು ಹಾಕದೆ ಬೇಯಿಸಿ, ಮುಳ್ಳು ಬಿಡಿಸಿದ ಬಂಗುಡೆ.

ನಾನು ಚಿಕ್ಕವಳಿದ್ದಾಗ, ಕಾಪುವಿನಲ್ಲಿ ಯಾರ ಮನೆಯಿಂದ ಮರಿ ತಂದರೂ ಅಮ್ಮ ಮೊದಲು ಅದರ ತಾಯಿಗೆ ಮೀನು ಕೊಡುತ್ತಿದ್ದರು. "ಅದರ ಹೊಟ್ಟೆ ತುಂಬಿಸದೆ ಮಗುವನ್ನು ಎತ್ತಿಕೊಂಡು ಬರುವುದು ಎಂತ ಮರ್ಯಾದೆ?" ಎನ್ನುತ್ತಿದ್ದರು. ನಮ್ಮ ಕರಿಯನನ್ನು ತಂದ ದಿನ ಅವನ ತಾಯಿ ಡಬ್ಬಿ ನೆಕ್ಕಿ ಮುಗಿಸಿ, ನನ್ನ ಕೈಯನ್ನೂ ನೆಕ್ಕಿತ್ತು. ಆ ಒರಟು ನಾಲಿಗೆ ಇನ್ನೂ ನೆನಪಿದೆ.

ಮಾರುವವರು ತಲೆ ಕೆರೆದುಕೊಂಡರು. "ತಾಯಿ ಇಲ್ಲಿ ಇಲ್ಲ ಅಮ್ಮ, ಮರಿಗಳು ಹೊರಗಿನಿಂದ ಬರುವುದು. ಬೇಕಾದ್ರೆ ತಾಯಿಯ ಫೋಟೋ ವಾಟ್ಸಾಪ್ ಮಾಡ್ತೇನೆ."

"ಫೋಟೋ ಬಂಗುಡೆ ತಿಂತದಾ ಮಾರಾಯ?" ಎಂದು ಅಮ್ಮ ಡಬ್ಬಿ ಮುಚ್ಚಿದರು.

ಮರಿ ಕೊಳ್ಳುವ ಮೊದಲು ತಾಯಿಯನ್ನು ನೋಡಿ ಎಂದು ಒಂದು ವಾರ ಯೂಟ್ಯೂಬಿನಲ್ಲಿ ಕೇಳಿದ್ದೆ. ಚೌಕಾಸಿಯ ಭರದಲ್ಲಿ ಅದನ್ನೇ ಮರೆತಿದ್ದೆ.

ಸಂಜೆ ಅಲೆವೂರಿನ ಇನ್ನೊಬ್ಬರಿಗೆ ಬೆಲೆ ಕೇಳಲು ಫೋನ್ ಮಾಡಿದೆ. ಅಮ್ಮ ಫೋನ್ ಕಸಿದುಕೊಂಡು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ನಾಯಿ ಬಂಗುಡೆ ತಿಂತದಾ, ಬೂತಾಯಿ ಮೀನೇ ಆಗ್ಬೇಕಾ?"