ಹದಿನಾಲ್ಕರಲ್ಲೇ ನಿಂತ ಮುಳ್ಳು

ಗುರುವಾರ, ಬೆಳಗಿನ ಐದೂಮುಕ್ಕಾಲು. ಬೀದಿ ದೀಪಗಳು ಇನ್ನೂ ಆರಿಲ್ಲ. ಹೊಲಿಗೆ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಐವತ್ತೆರಡರ ಹೆಂಗಸೊಬ್ಬರು ಹಳೆಯ ಕಾರಿನ ಬಾನೆಟ್ಟಿನೊಳಗೆ ಅರ್ಧ ಇಳಿದೇ ನಿಂತಿದ್ದಾರೆ. ಕಾರು ನಿಂತಲ್ಲೇ ಇದೆ, ಎಂಜಿನ್ ಮಾತ್ರ ಬಿಸಿಯಾಗಿ ತನ್ನಷ್ಟಕ್ಕೆ ಓಡುತ್ತಿದೆ. ಅದರಿಂದ ಹೊರಟ ತೆಳು ರಬ್ಬರ್ ಕೊಳವೆಯ ತುದಿಗೆ ಅಂಗೈಯಗಲದ ಗೇಜು. ಗೇಜಿನ ಮುಳ್ಳು ಹದಿನಾಲ್ಕರ ಮೇಲೆ ನಿಂತಿದೆ.

"ಹತ್ತೊಂಬತ್ತು, ಇಪ್ಪತ್ತು ಇರ್ಬೇಕಿತ್ತು," ಎನ್ನುತ್ತಾರೆ ನನ್ನತ್ತ ನೋಡದೆಯೇ. "ಸ್ವಲ್ಪ ಹೊತ್ತು ಮಾತಾಡ್ಬೇಡಿ. ಬೀದಿ ಎದ್ಬಿಟ್ರೆ ಏನೂ ಕೇಳ್ಸಲ್ಲ."

ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಪುಸ್ತಕ ತೆರೆದು, ಬಾಯಿಗೆ ಬೀಗ ಹಾಕಿಕೊಳ್ಳುತ್ತೇನೆ. ಎಂಜಿನ್ನಿಗೆ ಎಲ್ಲಾದರೂ ಬೇಡದ ಗಾಳಿ ನುಗ್ಗುತ್ತಿದ್ದರೆ 'ಸ್ಸ್' ಎಂಬ ಸಣ್ಣ ಸದ್ದು ಬರುತ್ತದಂತೆ. ಅದನ್ನು ಹಿಡಿಯಲೆಂದೇ ಇವರು ಹಾಲಿನವನಿಗಿಂತ ಮೊದಲು ಏಳುತ್ತಾರೆ.

ಸುತ್ತಲಿನ ನಾಲ್ಕು ಬೀದಿಯವರಿಗೆ ಇವರು ಮುಳ್ಳಕ್ಕ. ಸದಾ ಗೇಜಿನ ಮುಳ್ಳನ್ನೇ ನೋಡುತ್ತಾರೆಂದು ಬಂದ ಹೆಸರು. "ಅಲ್ಲ, ಅವಳ ನಾಲಿಗೆ ನೋಡಿ ಇಟ್ಟಿದ್ದು," ಎಂದು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ ಗಂಡ ಒಳಗಿನಿಂದಲೇ ತಿದ್ದುತ್ತಾರೆ. ಗೇಜಿಗೆ ದಪ್ಪ ಬಟ್ಟೆಯ ಚೀಲ ಹೊಲಿದುಕೊಟ್ಟವರೂ ಅವರೇ.

ಕಾರು ನಿವೃತ್ತ ನರ್ಸ್ ಒಬ್ಬರದು. ಅವರಿಗೆ ಎಪ್ಪತ್ತನಾಲ್ಕು, ಕಾರಿಗೆ ಐವತ್ತೊಂದು. ಅವರ ತಂಗಿಯ ಮನೆ ಊರಾಚೆಯ ಗುಡ್ಡದ ತುದಿಯಲ್ಲಿದೆ, ಅಲ್ಲಿಗೆ ಬಸ್ಸಿಲ್ಲ. ಆರು ವರ್ಷದಿಂದ ಈ ಕಾರು ಗುಡ್ಡ ಹತ್ತುತ್ತಿಲ್ಲ. ಅರ್ಧ ದಾರಿಗೇ ಏದುಸಿರು ಬಿಟ್ಟು ನಿಂತುಬಿಡುತ್ತದೆ. ಮೂರು ಗ್ಯಾರೇಜಿನವರು ನೋಡಿ, ಎಂಜಿನ್ ಸತ್ತಿದೆ, ಮಾರಿಬಿಡಿ ಎಂದಿದ್ದಾರೆ. ಶನಿವಾರ ಹತ್ತು ಗಂಟೆಗೆ ಗುಜರಿಯವನು ಬರುತ್ತಾನೆ. ಅದಕ್ಕೂ ಮುಂಚೆ ಒಂದು ಸಲ ನೋಡಿಬಿಡು ಎಂದು ನರ್ಸಮ್ಮ ಇಲ್ಲಿ ಬಿಟ್ಟುಹೋಗಿದ್ದಾರೆ. ಮುಳ್ಳಕ್ಕನ ಕೈಯಲ್ಲಿರುವುದು ಎರಡೇ ದಿನ.

ಆ ಮುಳ್ಳು ಹೇಳುವುದಾದರೂ ಏನನ್ನು? "ಎಂಜಿನ್ ಎಷ್ಟು ಜೋರಾಗಿ ಉಸಿರು ಎಳ್ಕೊಳ್ತಿದೆ ಅನ್ನೋದನ್ನ. ಸ್ಟ್ರಾ ಹಾಕ್ಕೊಂಡು ಶರಬತ್ತು ಹೀರ್ತೀರಲ್ಲ, ಹಾಗೆ. ಸ್ಟ್ರಾ ತೂತಾಗಿದ್ರೆ ಎಷ್ಟು ಎಳೆದ್ರೂ ಬರಲ್ಲ."

ತೂತು ಹುಡುಕುವ ಕೆಲಸ ಶುರುವಾಗುತ್ತದೆ. ಕೊಳವೆಗಳನ್ನು ಒಂದೊಂದಾಗಿ ಇಕ್ಕಳದಿಂದ ಹಿಸುಕುತ್ತಾರೆ. ಗಾಳಿ ಒಳಹೋಗುವ ಕಡೆಯ ಸಂದುಸಂದಿಗೂ ನೀರು ಚಿಮುಕಿಸುತ್ತಾರೆ. ಬಿರುಕಿದ್ದರೆ ಎಂಜಿನ್ ಆ ನೀರನ್ನು ಹೀರಿಕೊಂಡು ಸದ್ದು ಬದಲಿಸಬೇಕು. ಬದಲಿಸುವುದಿಲ್ಲ. ಕಿಡಿ ಹಾರುವ ಹೊತ್ತನ್ನು ಪರೀಕ್ಷಿಸಿದರೆ ಅದೂ ಸರಿಯಾಗಿದೆ. ಒಂದು ವಾಲ್ವ್ ಕೆಟ್ಟಿದ್ದರೆ ಮುಳ್ಳು ಕುಣಿಯಬೇಕಿತ್ತು. ಇದು ಅಲ್ಲಾಡದೆ, ಹಟ ಹಿಡಿದ ಮಗುವಿನಂತೆ ಹದಿನಾಲ್ಕರಲ್ಲೇ ಕೂತಿದೆ.

ಈ ಕೆಲಸವನ್ನು ಅವರಿಗೆ ಕಲಿಸಿದ್ದು ಅಪ್ಪ. ಮುಳ್ಳಕ್ಕನದು ಈಗ ಇಪ್ಪತ್ತೆಂಟು ವರ್ಷದ ಕಸುಬು, ದಿನಕ್ಕೆ ಎರಡು ಗಾಡಿ, ಹೆಚ್ಚೆಂದರೆ ಮೂರು. ಮುಂಗೈ ತುಂಬ ಸುಟ್ಟ ಕಲೆಗಳು. ಎಡ ಭುಜ ಕಿವಿಯ ಮಟ್ಟಕ್ಕಿಂತ ಮೇಲೇಳುವುದಿಲ್ಲ. ಹೊಸಬರು ಈಗಲೂ ಒಳಗೆ ಇಣುಕಿ, ಮೆಕ್ಯಾನಿಕ್ ಎಲ್ಲಿದಾನಮ್ಮಾ ಎಂದು ಇವರನ್ನೇ ಕೇಳುತ್ತಾರೆ. "ಊಟಕ್ಕೆ ಹೋಗಿದಾನೆ, ಅಷ್ಟರಲ್ಲಿ ನಾನೇ ಬಿಚ್ಚಿರ್ತೀನಿ ಅಂತೀನಿ," ಎಂದು ನಗುತ್ತಾರೆ. ಅಪ್ಪ ಎಲ್ಲವನ್ನೂ ಕಿವಿಯಿಂದಲೇ ಪತ್ತೆ ಹಚ್ಚುತ್ತಿದ್ದರು. ಈ ಗೇಜು ಬಂದದ್ದು ಅವರು ತೀರಿಕೊಂಡ ಮೇಲೆ, ನಾಲ್ಕು ವರ್ಷದ ಹಿಂದೆ.

ಅಪ್ಪನಿಂದ ಬಂದ ಇನ್ನೊಂದು ರೂಢಿ ಹಸಿರು ಚುಕ್ಕಿ. ಬಿಗಿ ಮಾಡಿದ ಪ್ರತಿ ಬೋಲ್ಟಿನ ತಲೆಗೂ ಒಂದು, ಈ ಕೆಲಸಕ್ಕೆ ನಾನೇ ಹೊಣೆ ಎಂಬ ಗುರುತು. ಅಪ್ಪ ಬಣ್ಣ ಹಚ್ಚುತ್ತಿದ್ದರು, ಮಗಳದು ಹಸಿರು ನೇಲ್ ಪಾಲಿಶ್. "ಉಗುರಿಗೆ ಹಚ್ಕೊಳ್ಳೋಕಂತೂ ಪುರುಸೊತ್ತಿಲ್ಲ. ಬೋಲ್ಟಾದ್ರೂ ಚಂದ ಕಾಣ್ಲಿ."

ಮಧ್ಯಾಹ್ನದ ಹೊತ್ತಿಗೆ ಉಳಿದಿರುವುದು ಒಂದೇ ಅನುಮಾನ. ವಾಲ್ವುಗಳು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕೆಂದು ನಿಗದಿ ಮಾಡುವುದು ಎಂಜಿನ್ನಿನ ಮುಂಭಾಗದಲ್ಲಿ ಎರಡು ಹಲ್ಲಿನ ಚಕ್ರಗಳಿಗೆ ಸುತ್ತಿದ ಟೈಮಿಂಗ್ ಚೈನು. ಅದು ಒಂದೇ ಒಂದು ಹಲ್ಲು ಆಚೀಚೆಯಾದರೂ ಎಂಜಿನ್ನಿನ ಉಸಿರು ಕುಗ್ಗುತ್ತದೆ. ರೇಡಿಯೇಟರ್ ಕಳಚಿ, ಚೈನಿನ ಮುಚ್ಚಳದ ಮೇಲಿನ ಎಣ್ಣೆ ಮಡ್ಡಿಯನ್ನು ಒರೆಸುತ್ತಾರೆ. ಒರೆಸುತ್ತಿದ್ದ ಕೈ ತಟ್ಟನೆ ನಿಲ್ಲುತ್ತದೆ. ಮಡ್ಡಿಯಡಿ ಪ್ರತಿ ಬೋಲ್ಟಿನ ತಲೆಯ ಮೇಲೂ ಹಸಿರು ಚುಕ್ಕಿ.

ಅವರು ಸ್ಟೂಲಿನ ಮೇಲೆ ಕುಕ್ಕರಿಸುತ್ತಾರೆ. "ಆರು ವರ್ಷದ ಹಿಂದೆ ಈ ಚೈನ್ ಹಾಕಿದ್ದು ನಾನೇ. ಮರ್ತೇಬಿಟ್ಟಿದ್ದೆ. ಆಮೇಲೆ ಯಾರೂ ಮುಟ್ಟಿಲ್ಲ."

ಮುಚ್ಚಳ ತೆಗೆದರೆ ಅನುಮಾನ ನಿಜವಾಗುತ್ತದೆ. ಎದುರುಬದುರಾಗಿ ಇರಬೇಕಾದ ಎರಡು ಗುರುತುಗಳ ನಡುವೆ ಒಂದು ಹಲ್ಲಿನ ವ್ಯತ್ಯಾಸ. ಚೈನು ಬಿಗಿ ಮಾಡುವಾಗ ಚಕ್ರ ಸರಿದಿದೆ. ಚೈನ್ ಹಾಕಿದ ಮೇಲೆ ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡಬೇಕು ಎಂಬುದು ಅಪ್ಪನ ಕಟ್ಟಪ್ಪಣೆ. "ಅವತ್ತು ಅಪ್ಪ ಆಸ್ಪತ್ರೇಲಿದ್ರು, ನಾನು ಓಡೋ ಅವಸರದಲ್ಲಿದ್ದೆ. ಅದನ್ನ ನೆಪ ಅಂತ ಹೇಳ್ತಿಲ್ಲ. ತಿರುಗಿಸಿ ನೋಡ್ಲಿಲ್ಲ, ಅಷ್ಟೆ. ಗಾಡಿ ಎಳೀತಿಲ್ಲ ಅಂತ ಸಿಸ್ಟರಮ್ಮ ಬಂದಾಗ ಏನಂದೆ ಗೊತ್ತಾ? ಗಾಡಿಗೆ ವಯಸ್ಸಾಯ್ತು ಅಂದ್ಬಿಟ್ಟೆ."

ಚೈನನ್ನು ಒಂದು ಹಲ್ಲು ಸರಿಸಿ ಮುಚ್ಚಳ ಮುಚ್ಚಿಬಿಟ್ಟರೆ ಪಿಟ್ಟೆನ್ನುವವರಿಲ್ಲ. ಸತ್ತ ಎಂಜಿನ್ನಿಗೆ ಜೀವ ಕೊಟ್ಟಳು ಎಂಬ ಹೊಗಳಿಕೆ ಬೇರೆ. ಅಂಗಡಿಯಿಂದ ಬಂದ ಗಂಡ ಒಮ್ಮೆ ಚೈನನ್ನು, ಒಮ್ಮೆ ಹೆಂಡತಿಯ ಮುಖವನ್ನು ನೋಡಿ ತಮ್ಮ ಫೋನನ್ನು ಚಾಚುತ್ತಾರೆ. ಮುಳ್ಳಕ್ಕ ಅದರಿಂದಲೇ ಕರೆ ಮಾಡುತ್ತಾರೆ. "ಸಿಸ್ಟರಮ್ಮ, ಒಂದ್ಸಲ ಬಂದು ನೋಡಿ. ನೀವು ನೋಡೋವರೆಗೂ ಮುಟ್ಟಲ್ಲ."

ಶುಕ್ರವಾರ ಬೆಳಿಗ್ಗೆ ನರ್ಸಮ್ಮ ಬರುತ್ತಾರೆ. ಕನ್ನಡಕ ಏರಿಸಿ, ಬಗ್ಗಿ, ಎರಡು ಗುರುತುಗಳನ್ನೂ ನೋಡುತ್ತಾರೆ.

"ತಪ್ಪು ನಂದು," ಎನ್ನುತ್ತಾರೆ ಮುಳ್ಳಕ್ಕ. "ಗಾಡಿದಲ್ಲ."

ನರ್ಸಮ್ಮ ನೆಟ್ಟಗೆ ನಿಂತು ಕನ್ನಡಕ ತೆಗೆಯುತ್ತಾರೆ. ಆಮೇಲೆ ಹೇಳುತ್ತಾರೆ, "ನೀನು ವಯಸ್ಸಾಯ್ತು ಅಂದಾಗ ಗಾಡಿಗೆ ಮಾತ್ರ ಅಂತ ನನಗನ್ನಿಸಲಿಲ್ಲ ಕಣೇ. ಇಬ್ಬರಿಗೂ ಆಯ್ತು, ಸಾಕು ಅಂತ ತಂಗಿ ಮನೆಗೆ ಹೋಗೋದನ್ನೇ ಬಿಟ್ಟೆ." ಮುಳ್ಳಕ್ಕನ ಕಣ್ಣು ತುಂಬುತ್ತದೆ. ನಾನು ಪುಸ್ತಕ ಮುಚ್ಚುತ್ತೇನೆ. ನರ್ಸಮ್ಮ ಮಾತ್ರ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು, "ಅಳೋದು ಆಮೇಲೆ. ಮೊದಲು ಸರಿ ಮಾಡು," ಎಂದು ಅಲ್ಲೇ ಸ್ಟೂಲೆಳೆದು ಕೂರುತ್ತಾರೆ.

ಈ ಸಲ ಎಂಜಿನ್ ಎರಡಲ್ಲ, ನಾಲ್ಕು ಸುತ್ತು ತಿರುಗುತ್ತದೆ. ಗುರುತುಗಳು ಎದುರುಬದುರು ನಿಂತದ್ದನ್ನು ನರ್ಸಮ್ಮನಿಗೂ ತೋರಿಸಿದ ಮೇಲೆಯೇ ಮುಚ್ಚಳ. ಸಂಜೆ ಎಂಜಿನ್ ಬಿಸಿಯಾದಾಗ ಮುಳ್ಳು ಹತ್ತೊಂಬತ್ತೂವರೆಗೆ ಏರಿ ನಿಲ್ಲುತ್ತದೆ. ಮುಳ್ಳಕ್ಕ ಎಲ್ಲ ಬೋಲ್ಟುಗಳಿಗೂ ಚುಕ್ಕಿ ಇಟ್ಟು, ಮೇಲಿನದೊಂದನ್ನು ಹಾಗೇ ಬಿಡುತ್ತಾರೆ. ಗುಡ್ಡ ಹತ್ತಿದ ಮೇಲೆ ಅದಕ್ಕೆ ಎನ್ನುತ್ತಾರೆ.

ಶನಿವಾರ, ಗುಜರಿಯವನು ಬರುವುದಕ್ಕೆ ಮೂರು ಗಂಟೆ ಮೊದಲು, ನಾವು ಹೊರಡುತ್ತೇವೆ. ಸ್ಟೀರಿಂಗ್ ಹಿಡಿದವರು ನರ್ಸಮ್ಮ, ಪಕ್ಕದಲ್ಲಿ ಮುಳ್ಳಕ್ಕ, ಹಿಂದೆ ನಾನು. ಕಾರು ಪ್ರತಿ ಸಲ ನಿಂತುಬಿಡುತ್ತಿದ್ದ ತಿರುವು ಬರುತ್ತದೆ. ಮುಳ್ಳಕ್ಕ ಕಣ್ಣು ಮುಚ್ಚಿಕೊಂಡಿದ್ದಾರೆ. ಕಾರು ಗೇರು ಕೂಡ ಬದಲಿಸದೆ ತಿರುವು ದಾಟುತ್ತದೆ. "ಹತ್ತು ಗಂಟೆಗೆ ಬರೋ ಗುಜರಿಯವನಿಗೆ ಬಾಗಿಲ ಬೀಗ ನೋಡ್ಕೊಂಡು ವಾಪಸ್ ಹೋಗು ಅಂತ ಹೇಳ್ಬೇಕು," ಎಂದು ನರ್ಸಮ್ಮ ಹಾರ್ನ್ ಬಾರಿಸುತ್ತಾರೆ. ಮೇಲೆ ಗೇಟಿನ ಹತ್ತಿರ ತಂಗಿ ಬರಿಗಾಲಲ್ಲೇ ಓಡಿಬಂದು ನಿಂತಿದ್ದಾರೆ.

ಮುಳ್ಳಕ್ಕನನ್ನು ಕೇಳುತ್ತೇನೆ, ಆಸೆ ಏನಾದರೂ ಉಳಿದಿದೆಯೇ ಎಂದು. "ದೊಡ್ಡದೇನಿಲ್ಲ. ವಯಸ್ಸಾಯ್ತು ಅಂತ ಹೇಳೋ ಮುಂಚೆ ನನ್ನ ಕೈಯನ್ನೇ ಒಂದ್ಸಲ ನೋಡ್ಕೊಳ್ಳೋ ಬುದ್ಧಿ ಇರ್ಲಿ."

ಬಾನೆಟ್ ಎತ್ತಿ, ಹಸಿರು ಸೀಸೆಯನ್ನು ನರ್ಸಮ್ಮನ ಮುಂದೆ ಹಿಡಿಯುತ್ತಾರೆ. "ಇದೊಂದು ನೀವೇ ಇಡಿ ಸಿಸ್ಟರಮ್ಮ. ನನಗೆ ಧೈರ್ಯ ಸಾಲ್ತಿಲ್ಲ."

ತಂಗಿಯ ಕೈ ಬಿಡದೆಯೇ ನರ್ಸಮ್ಮ ತಲೆಯಾಡಿಸುತ್ತಾರೆ. "ನೀನೇ ಇಡು. ನಿನ್ನ ಚುಕ್ಕಿ ಇಲ್ದೇ ಇದ್ರೆ ನಾಳೆ ನಾನು ಯಾರನ್ನ ಹುಡುಕ್ಕೊಂಡು ಬರ್ಲಿ?"