ಗ್ಯಾಸನ್ನು ಗಾಳಿಗೆ ಬಿಡದವನು

‘ನಲವತ್ತು ನಿಮಿಷ’ ಎಂಬುದು ಅವನ ಅಡ್ಡಹೆಸರು. ಹಳೆಯ ಏಸಿಯನ್ನೋ ಫ್ರಿಜ್ಜನ್ನೋ ಬಿಚ್ಚುವ ಮೊದಲು ಅದರೊಳಗಿನ ಗ್ಯಾಸನ್ನು ಎಳೆದು ಸಿಲಿಂಡರಿಗೆ ತುಂಬಿಕೊಳ್ಳಲು ಅವನಿಗೆ ಅಷ್ಟು ಹೊತ್ತು ಬೇಕಾಗುತ್ತಿತ್ತು. ಉಳಿದ ಮೆಕ್ಯಾನಿಕ್ಕುಗಳು ಪೈಪು ಕತ್ತರಿಸಿ, ಉಸ್ಸೆನಿಸಿ, ಒಂದೇ ನಿಮಿಷದಲ್ಲಿ ಮುಗಿಸಿಬಿಡುತ್ತಿದ್ದರು.

“ಅಡುಗೆ ಮಾಡಿ, ಉಂಡು, ಪಾತ್ರೆ ತೊಳೆದಿಟ್ರೂ ನಿನ್ನ ಮೆಷಿನ್ನು ಗುರ್ ಅಂತಾನೇ ಇರುತ್ತಲ್ಲಪ್ಪ” ಎಂದು ಗಿರಾಕಿಗಳು ರೇಗಿಸುತ್ತಿದ್ದರು. ಅವನು ನಗುತ್ತಿದ್ದನು. ಮೆಷಿನ್ನನ್ನು ಮಾತ್ರ ನಿಲ್ಲಿಸುತ್ತಿರಲಿಲ್ಲ.

ಅವನು ನನ್ನ ತರಗತಿಯಲ್ಲಿ ಓದಿದವನು. ಪದ್ಯ ಬಾಯಿಗೆ ಬರುತ್ತಿರಲಿಲ್ಲ, ಲೆಕ್ಕವೂ ಅಷ್ಟಕ್ಕಷ್ಟೆ. ಆದರೆ ಶಾಲೆಯ ನಲ್ಲಿ ಸೋರುತ್ತಿದ್ದರೆ, ಗಂಟೆ ಬಾರಿಸಿದ ಮೇಲೂ ಅಲ್ಲೇ ನಿಂತು ತನ್ನ ಕರವಸ್ತ್ರದಿಂದ ಅದನ್ನು ಬಿಗಿಯುತ್ತಿದ್ದನು. ತಡವಾಗಿ ಬಂದುದಕ್ಕೆ ನಾನು ಅವನನ್ನು ಎಷ್ಟೋ ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ದೊಡ್ಡವನಾದ ಮೇಲೆ ಮೂರು ದಿನದ ಒಂದು ತರಬೇತಿಗೆ ಹೋಗಿ ಬಂದನು. ಆ ಗ್ಯಾಸು ಒಂದು ಕಿಲೋ ಗಾಳಿಗೆ ಸೇರಿದರೆ, ಒಂದು ಕಾರು ತಿಂಗಳುಗಟ್ಟಲೆ ಓಡಿ ಉಗುಳಿದ ಹೊಗೆಯಷ್ಟೇ ಭೂಮಿಯನ್ನು ಕಾಯಿಸುತ್ತದೆ ಎಂದು ಅಲ್ಲಿ ತಿಳಿದನು. ಕಲಿಸಿದವರಿಗೆ ಅದು ಮರುದಿನವೇ ಮರೆತಿರಬಹುದು, ಇವನಿಗೆ ಮರೆಯಲಿಲ್ಲ. ಹಿಡಿದ ಗ್ಯಾಸನ್ನು ಸಂಗ್ರಹ ಕೇಂದ್ರಕ್ಕೆ ಕೊಟ್ಟು ಖಾಲಿ ಸಿಲಿಂಡರನ್ನು ತರುತ್ತಿದ್ದನು. ಹನ್ನೆರಡು ವರ್ಷ ಹೀಗೆ ನಡೆಯಿತು. ಆಮೇಲೆ ಒಂದು ದಿನ ಕೇಂದ್ರಕ್ಕೆ ಬೀಗ ಬಿದ್ದಿತು.

ಗ್ಯಾಸನ್ನು ಸುಟ್ಟು ನಾಶಮಾಡುವ ಕಾರ್ಖಾನೆಯೊಂದು ಬಹಳ ದೂರದಲ್ಲಿತ್ತು. ಅವರಿಗೆ ಕಾಗದ ಬರೆಸಿದ್ದು ನನ್ನಿಂದಲೇ. ನೂರು ಕಿಲೋ ಕೂಡಿದರೆ ಮಾತ್ರ ಗಾಡಿ ಕಳಿಸುತ್ತೇವೆಂದು ಉತ್ತರ ಬಂದಿತು. ಇವನ ಬಳಿ ಇದ್ದುದು ನಾಲ್ಕು ಸಿಲಿಂಡರು, ನಲವತ್ತು ಕಿಲೋ. ಹೊಸ ಸಿಲಿಂಡರು ಎಲ್ಲಿಯೂ ಸಿಗಲಿಲ್ಲ. ಚಳಿಗಾಲದಲ್ಲಿ ಇನ್ನೊಂದು ಏಸಿ ಬಿಚ್ಚಬೇಕಾಗಿ ಬಂದಾಗ, ಬಿಡಲು ಮನಸ್ಸು ಬಾರದೆ, ತುಂಬಿದ್ದ ಸಿಲಿಂಡರೊಂದಕ್ಕೇ ಅದನ್ನೂ ತುರುಕಿದನು. ಸಿಲಿಂಡರಿನ ಐದರಲ್ಲೊಂದು ಪಾಲು ಖಾಲಿ ಬಿಡಬೇಕೆಂಬುದು ಆ ಕಸುಬಿನ ಮೊದಲ ಪಾಠ. ಕಲಿತವನೇ ಅದನ್ನು ಮುರಿದನು.

ಬೇಸಿಗೆ ಬಂದಿತು. ಅಂಥ ಬೇಸಿಗೆಯನ್ನು ನಾನು ಕಂಡಿರಲಿಲ್ಲ. ಆ ಮಧ್ಯಾಹ್ನ ನೆರಳಿಗೆಂದು ಅವನ ಅಂಗಡಿಗೆ ಹೋದರೆ, ತಗಡಿನ ಮಾಡಿನ ಕೆಳಗೆ ಅವನು ಒದ್ದೆ ಗೋಣಿಚೀಲ ಹೊದಿಸಿದ ಸಿಲಿಂಡರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಚೊಂಬಿನಿಂದ ನೀರು ಸುರಿಯುತ್ತಿದ್ದನು.

“ಮೇಷ್ಟ್ರೇ, ಒಳಗೆ ಬರಬೇಡಿ. ಅಲ್ಲೇ ನಿಲ್ಲಿ.”

“ಏನಾಯ್ತಪ್ಪ?”

“ಒಳಗಿರೋದು ಕಾದು ಉಬ್ತಾ ಇದೆ. ಮೇಲೆ ಜಾಗ ಇಲ್ಲ. ಸೇಫ್ಟಿ ವಾಲ್ವ್ ಬಿಚ್ಕೊಂಡ್ರೆ ಹನ್ನೊಂದು ಕಿಲೋನೂ ಹೋಗುತ್ತೆ. ತುಕ್ಕು ಹಿಡಿದು ಬಿಚ್ಕೊಳ್ದೇ ಹೋದ್ರೆ...” ಮಾತು ಮುಗಿಸದೆ ಗೋಡೆಯ ಕಡೆ ನೋಡಿದನು. ಗೋಡೆಯಾಚೆ ಹೊಲಿಗೆ ಯಂತ್ರಗಳು ಟಕಟಕ ಎನ್ನುತ್ತಿದ್ದವು. ಅಲ್ಲಿ ಒಂಬತ್ತು ಹೆಂಗಸರು ಬಟ್ಟೆ ಹೊಲಿಯುತ್ತಿದ್ದರು.

ಅವನ ಹೆಂಡತಿ ಕೊಡ ತಂದಿಟ್ಟಳು. “ಇದೇ ಕೊನೇದು. ನಲ್ಲೀಲಿ ನೀರಿಲ್ಲ. ನಾವು ಕುಡಿಯೋದಾ, ನಿಮ್ಮ ಸಿಲಿಂಡರ್ ಕುಡಿಯೋದಾ, ನೀವೇ ಹೇಳಿ.”

ಅವನು ಕೊಡದೊಳಗೆ ಕೈಯಿಡಲಿಲ್ಲ. ಫೋನು ತೆಗೆದು ಗೊತ್ತಿದ್ದ ಮೆಕ್ಯಾನಿಕ್ಕುಗಳಿಗೆಲ್ಲ ಖಾಲಿ ಸಿಲಿಂಡರು ಕೇಳಿದನು. ಒಬ್ಬನು ನಕ್ಕದ್ದು ನನಗೂ ಕೇಳಿಸಿತು. “ಹಿಡಿದಿಡೋ ಅಭ್ಯಾಸ ಇದ್ದೋರ ಹತ್ರ ಕೇಳಪ್ಪ, ನಮ್ಮ ಹತ್ರ ಎಲ್ಲಿಂದ ಬರ್ಬೇಕು?” ಮಂಜುಗಡ್ಡೆಯ ಕಾರ್ಖಾನೆಗೂ ಮಾಡಿದನು. ನಾಳೆಯವರೆಗೆ ಒಂದು ಚೂರೂ ಇಲ್ಲವೆಂದರು.

ಅಷ್ಟರಲ್ಲಿ ಅವನ ತಮ್ಮನು ಬಂದನು. ಅಂಗಡಿಯಲ್ಲಿ ಪಾಲುದಾರನಾಗಿದ್ದ ಅವನು, ಅಣ್ಣನು ಜೊತೆಗಿಲ್ಲದಾಗ ಉಸ್ಸೆನಿಸುವ ಜಾತಿಯವನೇ.

“ಬಿಟ್ಬಿಡು ಅಣ್ಣ. ಊರೆಲ್ಲ ಬಿಡ್ತಾರೆ. ನೀನೊಬ್ಬ ಹಿಡಿದಿಟ್ಟಿದ್ದಕ್ಕೆ ಆಕಾಶ ತಣ್ಣಗಾಯ್ತಾ? ಹೊರಗೆ ಹೋಗಿ ನೋಡು, ಡಾಂಬರು ಚಪ್ಪಲಿಗೆ ಅಂಟ್ತಿದೆ.”

“ಅದಕ್ಕೇ ಕಣೋ ಹಿಡಿದಿಟ್ಟಿದ್ದು.”

“ಪಕ್ಕದ ಹೆಂಗಸರಿಗೆ ಏನಾದ್ರೂ ಆದ್ರೆ ಈ ಮಾತು ಹೇಳ್ತೀಯಾ?”

ನಾನೇ ಪಕ್ಕದ ಬಾಗಿಲಿಗೆ ಹೋಗಿ, ಸಿಲಿಂಡರು ತಣಿಯುವವರೆಗೆ ಒಂದು ಗಂಟೆ ಹೊರಗಿರಿ ಎಂದು ಕೇಳಿಕೊಂಡೆ. “ಹೊರಗಾ? ಈ ಬಿಸಿಲಲ್ಲಾ? ಸಂಜೆಗೆ ಮುನ್ನೂರು ಅಂಗಿ ಕೊಡ್ಬೇಕು ಮೇಷ್ಟ್ರೇ, ನೀವು ಬಂದು ಗುಂಡಿ ಹಾಕ್ತೀರಾ?” ಎಂದು ಹಿರಿಯಳೊಬ್ಬಳು ಕೇಳಿದಳು. ಉಳಿದವರು ನಕ್ಕರು. ಯಾರೂ ಏಳಲಿಲ್ಲ.

ನಾನು ಹಿಂದಿರುಗಿ ಇಲ್ಲವೆಂದು ತಲೆಯಾಡಿಸಿದೆ. ಅವನಿಗೆ ಅಷ್ಟು ಸಾಕಾಯಿತು. ಸಿಲಿಂಡರನ್ನು ಮಗುವನ್ನೆತ್ತುವಂತೆ ಎತ್ತಿ, ಹಿತ್ತಿಲಿಗೆ ಒಯ್ದು, ತೂಕದ ಯಂತ್ರದ ಮೇಲಿಟ್ಟನು.

“ಕೊಡು, ನಾನು ತಿರುಗಿಸ್ತೀನಿ. ನೀನು ಆ ಕಡೆ ನೋಡ್ತಿರು” ಎಂದನು ತಮ್ಮ.

“ಬೇಡ. ತುಂಬಿದ್ದು ನಾನು.”

ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿದನು. ಉಸ್ಸೆಂದಿತು. ಬಣ್ಣವಿಲ್ಲ, ಹೊಗೆಯಿಲ್ಲ, ನೋಡುವುದಕ್ಕೆ ಏನೂ ಇಲ್ಲ. ಆ ಬಿಸಿಲಿನಲ್ಲಿ ವಾಲ್ವಿನ ಬಾಯಿಯ ಸುತ್ತ ಮಾತ್ರ ಬೆಳ್ಳಗೆ ಹಿಮ ಕಟ್ಟತೊಡಗಿತು. ಬೆರಳು ಮರಗಟ್ಟಿದರೂ ಅವನು ಕೈ ತೆಗೆಯಲಿಲ್ಲ. ತೂಕ ಇಳಿಯತೊಡಗಿತು: ಇನ್ನೂರು ಗ್ರಾಂ. ಐನೂರು. ಅವನ ತುಟಿ ಅಲುಗುತ್ತಿತ್ತು, ಅಂಕಿಗಳನ್ನೇ ಹೇಳಿಕೊಳ್ಳುತ್ತಿದ್ದನೋ ಏನೋ. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಒಂದು ಕಿಲೋ. ಒಂದು ಕಿಲೋ ಇನ್ನೂರಕ್ಕೆ ಟಕ್ಕನೆ ಬಿಗಿದನು. ಹೆಚ್ಚಾಗಿದ್ದುದು ಅಷ್ಟೇ. ಅದಕ್ಕಿಂತ ಒಂದು ಗ್ರಾಮನ್ನೂ ಅವನು ಬಿಡಲಿಲ್ಲ.

ಆಮೇಲೆ ಅಲ್ಲೇ ನೆಲದ ಮೇಲೆ ಕುಸಿದು ಕುಳಿತು ಅತ್ತನು. ಐವತ್ತು ದಾಟಿದ ಗಂಡಸು ಹಾಗೆ ಬಿಕ್ಕುವುದನ್ನು ನೋಡಲಾರದೆ ನಾನು ತೂಕದ ಯಂತ್ರವನ್ನೇ ನೋಡುತ್ತಿದ್ದೆನು.

“ಮೇಷ್ಟ್ರೇ, ಎಷ್ಟು ತಿಂಗಳು ಓಡಿಸಿದ ಹಾಗಾಯ್ತು ಆ ಕಾರನ್ನ?” ಎಂದು ಕೇಳಿದನು. ನಾನು ಬಗ್ಗಿ ಅವನ ಮರಗಟ್ಟಿದ ಬೆರಳುಗಳನ್ನು ನನ್ನ ಅಂಗೈಯೊಳಗೆ ಹಿಡಿದುಕೊಂಡೆ. ಲೆಕ್ಕ ನನಗೆ ಬರುತ್ತಿತ್ತು.

ತಮ್ಮನು ಮೆಲ್ಲಗೆ ಕೇಳಿದನು: “ನಾಳೆ ಎರಡು ಏಸಿ ಬಿಚ್ಬೇಕಲ್ಲ ಅಣ್ಣ. ಅದನ್ನ ಎಲ್ಲಿ ತುಂಬ್ತೀಯ?”

ಅವನು ಅಂಗಡಿಯೊಳಗಿನ ಮೂರು ಸಿಲಿಂಡರುಗಳನ್ನೂ ಎದುರಿಗಿದ್ದ ಒಂದನ್ನೂ ನೋಡಿದನು. ಎಲ್ಲವೂ ತುಂಬಿದ್ದವು.

“ಗೊತ್ತಿಲ್ಲ ಕಣೋ.”

ತಮ್ಮನು ಜೇಬಿನಿಂದ ಫೋನು ತೆಗೆದು, ನಮಗೆ ಬೆನ್ನು ತಿರುಗಿಸಿ ನಿಂತು, ಆ ಇಬ್ಬರು ಗಿರಾಕಿಗಳಿಗೂ ಹೇಳಿದನು: “ನಾಳೆ ಬರೋಕಾಗಲ್ಲ ಸರ್. ಯಾವಾಗ ಅಂತ ಹೇಳೋಕೂ ಆಗಲ್ಲ. ಬೇರೆಯವರನ್ನ ಕರೆದ್ರೂ, ದಯವಿಟ್ಟು ಪೈಪು ಕತ್ತರಿಸೋಕೆ ಬಿಡ್ಬೇಡಿ.”

ಒಬ್ಬರು ಅಷ್ಟಕ್ಕೇ ಫೋನಿಟ್ಟರು. ಇನ್ನೊಬ್ಬರು ಯಾಕೆ ಎಂದು ಕೇಳಿರಬೇಕು. ಅವನು ಅಣ್ಣನ ಕಡೆಗೊಮ್ಮೆ ನೋಡಿ, ಬಿಡಿಸಿ ಹೇಳುವುದಕ್ಕೆಂದು ಬಾಯಿ ತೆರೆದನು.